ಜಾನ್ ಥಾಮ್ಸನ್: ಕಲ್ಲಿದ್ದಲ ಊರಿನ ಗೋಲಿ, ಅವನೆದುರು ಓಡಿ ಬಂದ ಇನ್ನೊಬ್ಬ ಹುಡುಗ

ಹಳೇ ಸ್ಕೋರ್‌ಕಾರ್ಡ್ (ಶನಿವಾರ, ರಾತ್ರಿ 9:10)

ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಯಾರೋ ಕೇಳಿದ್ದರು, ಫುಟ್‌ಬಾಲ್ ಗೋಲ್‌ಕೀಪರ್ ಪೀಟರ್ ಚೆಕ್ ಯಾಕೆ ಯಾವಾಗಲೂ ತಲೆಗೆ ಹೆಲ್ಮೆಟ್ ಕಟ್ಟಿಕೊಂಡೇ ಆಡುತ್ತಿದ್ದ ಅಂತ. 2006ರ ಅಕ್ಟೋಬರ್‌ನಲ್ಲಿ ರೆಡಿಂಗ್ ವಿರುದ್ಧ ಆಡುವಾಗ ಎದುರಾಳಿಯ ಮೊಣಕಾಲು ತಗುಲಿ ತಲೆಬುರುಡೆ ಒಡೆದಿತ್ತು, ಅದಕ್ಕೆ. ಉತ್ತರ ಇಷ್ಟೇ. ಆದರೆ ಅದನ್ನು ಟೈಪ್ ಮಾಡುವಾಗ ನನ್ನ ತಲೆಯಲ್ಲಿದ್ದವನು ಬೇರೆ ಹುಡುಗ. ಚೆಕ್‌ಗೆ ಏಟು ಬೀಳುವ 75 ವರ್ಷ ಮೊದಲು, ಅದೇ ಥರ ಚೆಂಡಿನ ಮೇಲೆ ಬಿದ್ದು, ಅದೇ ಥರ ಮೊಣಕಾಲು ತಗುಲಿ, ಅವತ್ತು ರಾತ್ರಿಯೇ ತೀರಿಕೊಂಡವನು. ಜಾನ್ ಥಾಮ್ಸನ್. ಸ್ಕಾಟ್ಲೆಂಡಿನ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ಗೋಲಿ, ಅಂದರೆ ಗೋಲ್‌ಕೀಪರ್. ವಯಸ್ಸು 22.

ಅವನು ಸತ್ತ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕೆ ಮೊದಲಿನದು, ಆಮೇಲಿನದು ಎರಡೂ ಹೇಳಬೇಕು ಅಂತ ಆಸೆ. ಉದ್ದ ಆಗುತ್ತೆ. ಕಾಫಿ ಮಾಡ್ಕೊಂಡು ಬನ್ನಿ.

1909ರ ಜನವರಿ 28ರಂದು ಫೈಫ್ ಸೀಮೆಯ ಕರ್ಕಾಡಿಯಲ್ಲಿ ಹುಟ್ಟಿದ. ಬೆಳೆದಿದ್ದು ಪಕ್ಕದ ಕಾರ್ಡೆಂಡೆನ್‌ನಲ್ಲಿ. ಕಲ್ಲಿದ್ದಲು ಬಿಟ್ಟರೆ ಅಲ್ಲಿ ಬೇರೆ ಕೆಲಸ ಇಲ್ಲ. ಅಪ್ಪ ಗಣಿಯವರು, ಮಗನೂ 14ಕ್ಕೆ ಬೋಹಿಲ್ ಗಣಿಗೆ ಇಳಿದ. ಕಲ್ಲಿದ್ದಲು ತುಂಬಿದ ಚಿಕ್ಕ ಬಂಡಿಗಳು ಸಾಲಾಗಿ ಬರುತ್ತವೆ, ಅವುಗಳ ಕೊಂಡಿ ಕಳಚುವುದು ಅವನ ಕೆಲಸ. ಬಂಡಿ ನಮಗಾಗಿ ಕಾಯುವುದಿಲ್ಲ. ಕೈ ಚುರುಕಾಗಿರಬೇಕು, ಕಣ್ಣು ಅದಕ್ಕಿಂತ ಚುರುಕಾಗಿರಬೇಕು. ಮುಂದೆ ಅವನ ಕೈಗಳ ಬಗ್ಗೆ ಜನ ಅಷ್ಟೆಲ್ಲ ಮಾತಾಡಿದರಲ್ಲ, ಆ ಕೈಗಳು ಪಳಗಿದ್ದು ಇಲ್ಲೇ ಇರಬೇಕು ಅಂತ ನನ್ನ ಲೆಕ್ಕ.

ಆಟ ಶುರುವಾಗಿದ್ದು ಊರಿನ ತಂಡಗಳಲ್ಲಿ. ಬೋಹಿಲ್ ರೋವರ್ಸ್, ಆಮೇಲೆ ವೆಲ್ಸ್ಲಿ ಜೂನಿಯರ್ಸ್. 1926ರಲ್ಲಿ ಸೆಲ್ಟಿಕ್‌ನಿಂದ ಒಬ್ಬರು ಆಟಗಾರರನ್ನು ಹುಡುಕುತ್ತ ಬಂದರು. ಅವರು ಬಂದಿದ್ದು ಎದುರು ತಂಡದ ಗೋಲಿಯನ್ನು ನೋಡೋಕೆ! ನೋಡಿ ಮೆಚ್ಚಿದ್ದು ಇವನನ್ನು. ಕ್ಲಬ್ಬಿಗೆ ಬಿದ್ದ ಖರ್ಚು 10 ಪೌಂಡ್. 1927ರ ಫೆಬ್ರವರಿಯಲ್ಲಿ ಡಂಡಿ ವಿರುದ್ಧ ಮೊದಲ ಪಂದ್ಯ, ಆಗಿನ್ನೂ 18. ಎರಡೇ ತಿಂಗಳಿಗೆ ಸ್ಕಾಟಿಷ್ ಕಪ್ ಫೈನಲ್. ಎದುರಿಗಿದ್ದದ್ದು ಈಸ್ಟ್ ಫೈಫ್, ಅಂದರೆ ಅವನದೇ ಸೀಮೆಯ ತಂಡ. 3-1ಕ್ಕೆ ಸೆಲ್ಟಿಕ್ ಗೆದ್ದಿತು. ಆ ವಾರ ಊರಿಗೆ ಹೋದಾಗ ಕಾರ್ಡೆಂಡೆನ್ ಜನ ಅವನನ್ನು ಅಪ್ಪಿಕೊಂಡರೋ ಬೈದರೋ, ಸುಮ್ನೆ ಊಹಿಸಿಕೊಂಡು ನಗುತ್ತೇನೆ.

ಎತ್ತರ ಜಾಸ್ತಿ ಇಲ್ಲ, 5 ಅಡಿ 9 ಇಂಚು. ಆ ಕಾಲದಲ್ಲಿ ಗೋಲಿ ಅಂದರೆ ದಪ್ಪನೆಯ ಗೋಡೆ. ಯಾಕೆ ಅಂದರೆ ಚೆಂಡು ಹಿಡಿದುಕೊಂಡ ಗೋಲಿಗೆ ಭುಜ ಕೊಟ್ಟು ಗುದ್ದುವುದು ಕಾನೂನಿನ ಪ್ರಕಾರವೇ ಸರಿ ಇತ್ತು. ಇವನದು ಗೋಡೆಯ ಆಟ ಅಲ್ಲ, ಬೆಕ್ಕಿನ ಆಟ. ನೆಗೆಯುತ್ತಿದ್ದ, ಓಡಿ ಬರುವವನ ಕಾಲ ಬುಡಕ್ಕೇ ಹೋಗಿ ಬೀಳುತ್ತಿದ್ದ.

1930ರ ಫೆಬ್ರವರಿಯಲ್ಲಿ ಏರ್‌ಡ್ರಿ ವಿರುದ್ಧ ಹಾಗೇ ಬಿದ್ದ. ದವಡೆ ಮುರಿಯಿತು, ಪಕ್ಕೆಲುಬು ಮುರಿಯಿತು, ಎರಡು ಹಲ್ಲು ಹೋದವು. ಆಟ ಬಿಟ್ಟುಬಿಡು ಅಂತ ಅಮ್ಮ ಬೇಡಿಕೊಂಡರು. ಬಿಡಲಿಲ್ಲ. ವಾಸಿಯಾದ ಮೇಲೂ ಅದೇ ಥರ ಆಡಿದ. ಅದೇ ವರ್ಷ ಫ್ರಾನ್ಸ್ ವಿರುದ್ಧ ಸ್ಕಾಟ್ಲೆಂಡಿನ ಅಂಗಿ ತೊಟ್ಟ. 1931ರಲ್ಲಿ ಇಂಗ್ಲೆಂಡನ್ನು 2-0ಗೆ ಸೋಲಿಸಿದ ತಂಡದಲ್ಲೂ ಅವನೇ ಗೋಲಿ. ಒಟ್ಟು ನಾಲ್ಕು ಅಂತರರಾಷ್ಟ್ರೀಯ ಪಂದ್ಯ, ಸೆಲ್ಟಿಕ್‌ಗೆ 188.

ಆಮೇಲಿನದು ನಾಳೆ ಬರೆಯುತ್ತೇನೆ. ಕಣ್ಣು ಎಳೆಯುತ್ತಿದೆ.

ಒಂಟಿ ಗ್ಲೋವ್ (ಶನಿವಾರ, ರಾತ್ರಿ 9:52)

ಸರ್, ಹೀಗೆ ಅರ್ಧಕ್ಕೆ ನಿಲ್ಲಿಸೋದು ಮೋಸ.

ನಾನು ಕಾಲೇಜಿನಲ್ಲಿ ಆರು ವರ್ಷ ಗೋಲಿ (ಹೌದು, ಮೂರು ವರ್ಷದ ಡಿಗ್ರಿ, ಕೇಳಬೇಡಿ). ಕಾಲ ಬುಡಕ್ಕೆ ಬೀಳುವುದು ಅಂದರೆ ಏನು ಅಂತ ಆಡದವರಿಗೆ ಹೇಳುತ್ತೇನೆ. ಫಾರ್ವರ್ಡ್ ಒಬ್ಬನೇ ಚೆಂಡು ತಳ್ಳಿಕೊಂಡು ಬರುತ್ತಿದ್ದಾನೆ. ನೀವು ಗೋಲಿನಲ್ಲೇ ನಿಂತರೆ ಅವನಿಗೆ ಎರಡೂ ಕಡೆ ಜಾಗ. ಮುಂದೆ ಹೋದರೆ ಜಾಗ ಕಮ್ಮಿ. ಅವನು ಚೆಂಡನ್ನು ಕಾಲಿನಿಂದ ಒಂದು ಮಾರು ಮುಂದೆ ತಳ್ಳುವ ಒಂದು ಕ್ಷಣ ಇದೆ ನೋಡಿ, ಆಗ ಆ ಚೆಂಡು ಯಾರದ್ದೂ ಅಲ್ಲ. ಆಗ ಬೀಳಬೇಕು. ಅಡ್ಡಡ್ಡ ಬೀಳಬೇಕು, ಕೈ ಮುಂದೆ, ತಲೆ ತೋಳಿನ ಹಿಂದೆ. ಅರ್ಧ ಸೆಕೆಂಡ್ ತಡ ಆದರೆ ಚೆಂಡು ಇದ್ದ ಜಾಗದಲ್ಲಿ ನಿಮ್ಮ ಮುಖ ಇರುತ್ತೆ.

ನನ್ನ ಗದ್ದದಲ್ಲಿ ನಾಲ್ಕು ಹೊಲಿಗೆ ಇದೆ. ಮನೆಯಲ್ಲಿ ಸೈಕಲ್‌ನಿಂದ ಬಿದ್ದೆ ಅಂತ ಹೇಳಿದ್ದೆ. ಅಮ್ಮ ನಂಬಲಿಲ್ಲ. ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಅದಾದ ಮೇಲೆ ನಾನು ಆ ಥರ ಬೀಳಲೇ ಇಲ್ಲ. ಬೀಳುವ ಹಾಗೆ ಮಾಡುತ್ತಿದ್ದೆ ಅಷ್ಟೇ. ದವಡೆ ಮುರಿದುಕೊಂಡು ಮತ್ತೆ ಅಲ್ಲಿಗೇ ಹೋಗಿ ಬೀಳುವವನ ಬಗ್ಗೆ ನನಗೆ ಗೌರವಕ್ಕಿಂತ ಜಾಸ್ತಿ ಭಯ ಆಗುತ್ತೆ.

ಕೋಲಾರದ ಕಡೆಯವಳು (ಶನಿವಾರ, ರಾತ್ರಿ 10:20)

ಬಂಡಿಯ ಕೊಂಡಿ ವಿಷಯ ಓದಿ ನಿಂತುಬಿಟ್ಟೆ. ನಮ್ಮ ತಾತ ಕೆಜಿಎಫ್‌ನಲ್ಲಿ ಅದಿರು ಟ್ರಾಲಿಗಳ ಕೆಲಸ ಮಾಡಿದವರು. ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಬಂಡಿ ಕಾಯುವುದಿಲ್ಲ ಅಂದಿರಲ್ಲ, ನಿಜ. ಹತ್ತೂ ಬೆರಳು ಉಳಿಸಿಕೊಂಡು ಮೇಲೆ ಬಂದ ಅಂದರೆ ಆ ಹುಡುಗ ಚುರುಕೇ ಇರಬೇಕು.

ಅಮ್ಮ ಬೇಡಿಕೊಂಡರು ಅಂದಿರಲ್ಲ, ಗಣಿಗೆ ಕಳಿಸುವಾಗ ಬೇಡಿಕೊಂಡಿರಲಿಲ್ಲವೇ ಅಂತ ಮೊದಲು ಅನಿಸಿತು. ಆಮೇಲೆ ಹೊಳೆಯಿತು, ಗಣಿಗೆ ಹೋಗಬೇಡ ಅನ್ನುವ ಅನುಕೂಲ ಆ ಮನೆಯಲ್ಲಿ ಇರಲಿಲ್ಲ. ಆಟ ಬಿಡು ಅನ್ನಬಹುದಿತ್ತು.

ಬೆಂಚ್ ಕಾಯೋನು (ಭಾನುವಾರ, ಬೆಳಗ್ಗೆ 8:05)

ಗುರುಗಳೇ ಒಂದು ಡೌಟು. ಸೆಲ್ಟಿಕ್ ಅಂದರೆ ಐರಿಶ್ ಕ್ಯಾಥೊಲಿಕ್ಕರ ಕ್ಲಬ್ ಅಲ್ವಾ? ಈ ಹುಡುಗನೂ ಕ್ಯಾಥೊಲಿಕ್ಕೇ?

ಹಳೇ ಸ್ಕೋರ್‌ಕಾರ್ಡ್ (ಭಾನುವಾರ, ಬೆಳಗ್ಗೆ 10:30)

ಅಲ್ಲ. ಪ್ರಾಟೆಸ್ಟಂಟ್ ಮನೆಯವನು. ಸೆಲ್ಟಿಕ್ ಹುಟ್ಟಿದ್ದು ಗ್ಲಾಸ್ಗೋದ ಬಡ ಐರಿಶ್ ಕ್ಯಾಥೊಲಿಕ್ಕರ ನಡುವೆ, ನಿಜ. ಆದರೆ ಆಡುವವರು ಯಾವ ಚರ್ಚಿನವರು ಅಂತ ಅವರು ನೋಡುತ್ತಿರಲಿಲ್ಲ. ಅದೇ ಊರಿನ ಎದುರಾಳಿ ಕ್ಲಬ್ ರೇಂಜರ್ಸ್‌ನವರು ಮಾತ್ರ ಎಲ್ಲೂ ಬರೆದಿಡದೆ ಕ್ಯಾಥೊಲಿಕ್ಕರನ್ನು ದೂರ ಇಟ್ಟರು. ದೊಡ್ಡ ಸುದ್ದಿಯಾಗಿ ಅದು ಮುರಿದಿದ್ದು 1989ರಲ್ಲಿ, ಕ್ಯಾಥೊಲಿಕ್ ಆಟಗಾರ ಮೋ ಜಾನ್‌ಸ್ಟನ್ ಬಂದಾಗ.

ಈಗ ಮುಂದಿನದು. 1931ರ ಏಪ್ರಿಲ್‌ನಲ್ಲಿ ಮತ್ತೊಂದು ಸ್ಕಾಟಿಷ್ ಕಪ್ ಗೆದ್ದಿದ್ದ. ಫೈನಲ್‌ನಲ್ಲಿ ಮದರ್‌ವೆಲ್ ಎರಡು ಗೋಲು ಮುಂದಿತ್ತು, ಕೊನೆಯ ಕೆಲವು ನಿಮಿಷದಲ್ಲಿ ಸೆಲ್ಟಿಕ್ ಸಮ ಮಾಡಿತು. ಎರಡನೇ ಗೋಲು ಮದರ್‌ವೆಲ್‌ನವನೇ ತನ್ನ ಬಲೆಗೆ ಹಾಕಿಕೊಂಡಿದ್ದು. ಮರುಪಂದ್ಯ 4-2. ಬೇಸಿಗೆಯಲ್ಲಿ ತಂಡ ಅಮೆರಿಕಕ್ಕೆ ಹೋಗಿ ಬಂತು. ಗಂಡಸರ ಬಟ್ಟೆ ಅಂಗಡಿ ಇಡುವ ಯೋಚನೆ ಇತ್ತು, ಹೊಲಿಗೆ ಕೆಲಸ ಕಲಿಯುತ್ತಿದ್ದ. ಮದುವೆಯೂ ಹೆಚ್ಚುಕಮ್ಮಿ ನಿಶ್ಚಯ.

1931ರ ಸೆಪ್ಟೆಂಬರ್ 5, ಶನಿವಾರ. ಐಬ್ರಾಕ್ಸ್ ಮೈದಾನ, ರೇಂಜರ್ಸ್-ಸೆಲ್ಟಿಕ್, ಸುಮಾರು 80,000 ಜನ. ಮದುವೆಯಾಗಬೇಕಿದ್ದ ಹುಡುಗಿಯೂ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಮೊದಲರ್ಧ 0-0. ಎರಡನೇ ಅರ್ಧ ಶುರುವಾಗಿ ಇನ್ನೂ ಹೆಚ್ಚು ಹೊತ್ತಾಗಿಲ್ಲ. ರೇಂಜರ್ಸ್‌ನ ಫಾರ್ವರ್ಡ್ ಚೆಂಡಿನ ಜೊತೆ ಒಬ್ಬನೇ ನುಗ್ಗಿದ. ಒಂಟಿ ಗ್ಲೋವ್ ಹೇಳಿದ ಆ ಕ್ಷಣ ಬಂತು. ಥಾಮ್ಸನ್ ಬಿದ್ದ. ಫಾರ್ವರ್ಡ್‌ನ ಮೊಣಕಾಲು ಅವನ ಕಣತಲೆಗೆ ತಗುಲಿತು. ಚೆಂಡು ಗೋಲಿನ ಹೊರಗೆ ಉರುಳಿಹೋಯಿತು. ಅಂದರೆ ಗೋಲು ತಡೆದ.

ಗೋಲಿನ ಹಿಂದಿದ್ದ ರೇಂಜರ್ಸ್ ಜನ ಮೊದಲು ಕೂಗು ಹಾಕಿದರು. ಏನಾಗಿದೆ ಅಂತ ಅವರಿಗೆ ಗೊತ್ತಿಲ್ಲ. ರೇಂಜರ್ಸ್ ಕ್ಯಾಪ್ಟನ್ ಡೇವಿಡ್ ಮೈಕಲ್‌ಜಾನ್ ಅವರ ಕಡೆ ಓಡಿ ಕೈ ಎತ್ತಿ ಸುಮ್ಮನಿರಿ ಅಂದ. ಸುಮ್ಮನಾದರು. ಓಡಿ ಬಂದ ಡಾಕ್ಟರ್ ವಿಲ್ಲಿ ಕಿವ್ಲಿಕನ್, ಹಿಂದೆ ರೇಂಜರ್ಸ್‌ಗೂ ಸೆಲ್ಟಿಕ್‌ಗೂ ಇಬ್ಬರಿಗೂ ಆಡಿದ್ದವರು. ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಬದಲಿ ಆಟಗಾರ ಅನ್ನುವ ಪದ್ಧತಿಯೇ ಇರಲಿಲ್ಲ. ಹಾಫ್‌ಬ್ಯಾಕ್ ಚಿಕ್ ಗೇಟನ್ಸ್ ಗೋಲಿಗೆ ನಿಂತ, ಹತ್ತೇ ಜನ ಆಡಿ 0-0 ಮುಗಿಸಿದರು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ರಾತ್ರಿ 9:25ಕ್ಕೆ ಹೋದ.

ಸಂಶಯ ಪಿಶಾಚಿ (ಭಾನುವಾರ, ಬೆಳಗ್ಗೆ 11:15)

ಆ ಫಾರ್ವರ್ಡ್‌ನ ಹೆಸರನ್ನೇ ಬಿಟ್ಟಿದ್ದೀರಿ. ಬೇಕಂತಲೇ? ರೇಂಜರ್ಸ್-ಸೆಲ್ಟಿಕ್ ಪಂದ್ಯದಲ್ಲಿ ಕಾಲು ಎಳೆದುಕೊಳ್ಳುವವರು ಯಾರೂ ಇಲ್ಲ. ಎಲ್ಲರೂ "ಆಕಸ್ಮಿಕ" ಅಂದುಬಿಟ್ಟರೆ ಆಯ್ತಾ?

ಹಳೇ ಸ್ಕೋರ್‌ಕಾರ್ಡ್ (ಭಾನುವಾರ, ಮಧ್ಯಾಹ್ನ 12:40)

ಬೇಕಂತಲೇ ಬಿಟ್ಟೆ. ಅವನಿಗೆ ಬೇರೆಯಾಗಿಯೇ ಜಾಗ ಕೊಡಬೇಕಿತ್ತು.

ಸ್ಯಾಮ್ ಇಂಗ್ಲಿಷ್. ಹೆಸರು ಇಂಗ್ಲಿಷ್, ಹುಟ್ಟಿದ್ದು ಐರ್ಲೆಂಡಿನ ಉತ್ತರಕ್ಕೆ, ಬೆಳೆದಿದ್ದು ಸ್ಕಾಟ್ಲೆಂಡಿನಲ್ಲಿ. ಹಡಗು ಕಟ್ಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವನು. ಅವತ್ತು ಅವನಿಗೆ 23 ತುಂಬಿ ಮೂರು ವಾರ ಕೂಡ ಆಗಿರಲಿಲ್ಲ. ರೇಂಜರ್ಸ್‌ಗೆ ಬಂದು ಅದೇ ಮೊದಲ ಸೀಸನ್ನು. ಒಬ್ಬ ಗಣಿಯಿಂದ ಬಂದವನು, ಇನ್ನೊಬ್ಬ ಹಡಗು ಕಟ್ಟೆಯಿಂದ. ಇಬ್ಬರೂ ಪ್ರಾಟೆಸ್ಟಂಟರೇ, ಹಾಗಾಗಿ ಧರ್ಮದ ದ್ವೇಷ ಅನ್ನುವ ಕಥೆಯೂ ಇಲ್ಲಿ ನಿಲ್ಲುವುದಿಲ್ಲ.

ಏಟು ಎಷ್ಟು ಕೆಟ್ಟದು ಅಂತ ಮೊದಲು ಅರ್ಥ ಆಗಿದ್ದು ಅವನಿಗೇ. ಕುಂಟುತ್ತಾ ಎದ್ದು ಸಹಾಯಕ್ಕೆ ಕೈ ಬೀಸಿದ. ಆ ದೃಶ್ಯದ ನ್ಯೂಸ್‌ರೀಲ್ ಇದೆ, ನೀವೇ ನೋಡಿ. ಇಬ್ಬರೂ ಚೆಂಡಿಗೇ ಹೋಗುತ್ತಿದ್ದಾರೆ. ವಿಚಾರಣೆಯಲ್ಲೂ ಆಕಸ್ಮಿಕ ಅಂತಲೇ ತೀರ್ಮಾನ. ಥಾಮ್ಸನ್ ಮನೆಯವರೂ ಇಂಗ್ಲಿಷ್ ಮೇಲೆ ತಪ್ಪು ಹೊರಿಸಲಿಲ್ಲ.

ಆದರೆ ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿ ಅವರನ್ನು ಕೇಳಿದಾಗ, ಆಕಸ್ಮಿಕ ಆಗಿರಲಿ ಅಂತ ಆಶಿಸುತ್ತೇನೆ ಅನ್ನುವ ಅರ್ಥದ ಮಾತು ಹೇಳಿದರು. "ಆಕಸ್ಮಿಕ" ಅನ್ನೋದಕ್ಕೂ "ಆಕಸ್ಮಿಕ ಆಗಿರಲಿ" ಅನ್ನೋದಕ್ಕೂ ಎಷ್ಟು ದೂರ ನೋಡಿ. ಮಗನಂತೆ ಬೆಳೆಸಿದ ಹುಡುಗನನ್ನು ಕಳೆದುಕೊಂಡವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದು ಮಾತಿನಲ್ಲಿ ಇಂಗ್ಲಿಷ್‌ನ ಬದುಕು ಸಿಕ್ಕಿಹಾಕಿಕೊಂಡಿತು.

ಆ ಸೀಸನ್ನಿನಲ್ಲಿ ಅವನು ಲೀಗ್‌ನಲ್ಲಿ 44 ಗೋಲು ಹೊಡೆದ. ಒಂದು ಸೀಸನ್ನಿಗೆ ಅದು ಇವತ್ತಿಗೂ ರೇಂಜರ್ಸ್ ದಾಖಲೆ. (ಪಾಪ, ಅದೇ ವರ್ಷ ಮದರ್‌ವೆಲ್‌ನ ವಿಲ್ಲಿ ಮೆಕ್‌ಫೇಡನ್ 52 ಹೊಡೆದು ಲೀಗನ್ನೂ ಗೆಲ್ಲಿಸಿಬಿಟ್ಟ. ಇವನ ನಸೀಬೇ ಹಾಗೆ.) ಹೋದ ಮೈದಾನದಲ್ಲೆಲ್ಲ ಕೊಲೆಗಾರ ಅಂತ ಕೂಗುತ್ತಿದ್ದರು. ತಡೆಯಲಾರದೆ 1932ರಲ್ಲಿ ಲಿವರ್‌ಪೂಲ್‌ಗೆ ಹೋದ, 8,000 ಪೌಂಡ್‌ಗೆ. ಅಲ್ಲೂ ಬಿಡಲಿಲ್ಲ. ಆಮೇಲೆ ಕ್ವೀನ್ ಆಫ್ ದ ಸೌತ್ ಕ್ಲಬ್, ಆಮೇಲೆ ಹಾರ್ಟಲ್‌ಪೂಲ್ಸ್. 1938ರಲ್ಲಿ, 30 ತುಂಬುವ ಹೊತ್ತಿಗೆ ಆಟವನ್ನೇ ಬಿಟ್ಟ. ಆ ಏಳು ವರ್ಷ ಆಟದಲ್ಲಿ ಸಂತೋಷವೇ ಇರಲಿಲ್ಲ ಅಂತ ಹೇಳಿಕೊಂಡಿದ್ದ. ನರಗಳ ಕಾಯಿಲೆ ಬಂದು 1967ರಲ್ಲಿ ತೀರಿಕೊಂಡ.

44 ಗೋಲು ಹೊಡೆದವನ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಹೊರಗೆ ಹೋದ ಆ ಒಂದು ಚೆಂಡು.

ಸಂಶಯ ಪಿಶಾಚಿ (ಭಾನುವಾರ, ಮಧ್ಯಾಹ್ನ 1:30)

ನ್ಯೂಸ್‌ರೀಲ್ ನೋಡಿದೆ. ಮೂರು ಸಲ. ಕಾಲು ಎಳೆದುಕೊಳ್ಳುವಷ್ಟು ಹೊತ್ತೇ ಇಲ್ಲ. ಸರಿ, ಅಷ್ಟು ಒಪ್ಪಿದೆ. ಆದರೆ ರೂಲ್ಸ್ ಮಾಡಿದವರ ತಪ್ಪಂತೂ ಇದೆ. ಗೋಲಿಯನ್ನು ಗುದ್ದಬಹುದು, ಒದೆಯಬಹುದು ಅಂತ ಬಿಟ್ಟರೆ ಇನ್ನೇನಾಗುತ್ತೆ? ಇವನು ಸತ್ತ ಮೇಲಾದರೂ ಬದಲಾಯಿಸಿದರಾ?

ಒಂಟಿ ಗ್ಲೋವ್ (ಭಾನುವಾರ, ಮಧ್ಯಾಹ್ನ 2:10)

ಇದಕ್ಕೆ ನಾನು ಹೇಳಬಲ್ಲೆ. ಆಗ ಬದಲಾಗಲಿಲ್ಲ. 1936ರಲ್ಲಿ ಸಂಡರ್‌ಲ್ಯಾಂಡ್ ಗೋಲಿ ಜಿಮ್ಮಿ ಥೋರ್ಪ್ ಚೆಲ್ಸಿ ವಿರುದ್ಧದ ಪಂದ್ಯದಲ್ಲಿ ತಲೆಗೆ, ಎದೆಗೆ ಒದೆ ತಿಂದ. ಪೂರ್ತಿ ಪಂದ್ಯ ಆಡಿ ಮುಗಿಸಿದ, ಮನೆಗೆ ಹೋದ ಮೇಲೆ ಕುಸಿದ, ಕೆಲವೇ ದಿನದಲ್ಲಿ ಸತ್ತ. ಸಕ್ಕರೆ ಕಾಯಿಲೆಯೂ ಇತ್ತು ಅವನಿಗೆ. ವಯಸ್ಸು ಅವನಿಗೂ 22. ಗೋಲಿಯ ತೋಳಿನಲ್ಲಿ ಚೆಂಡು ಇದ್ದಾಗ ಕಾಲೆತ್ತುವಂತಿಲ್ಲ ಅಂತ ಆದದ್ದು ಅದಾದ ಮೇಲೆ.

ಆದರೆ ಪಿಶಾಚಿಯವರೇ, ಆ ರೂಲು ಇದ್ದಿದ್ದರೂ ಥಾಮ್ಸನ್ ಉಳಿಯುತ್ತಿರಲಿಲ್ಲ. ಅವನ ಕೈಯಲ್ಲಿ ಚೆಂಡು ಇನ್ನೂ ಬಂದಿರಲಿಲ್ಲ. ಚೆಕ್‌ಗೆ ಏಟು ಬಿದ್ದದ್ದು ಎಲ್ಲ ರೂಲೂ ಇರುವ ಕಾಲದಲ್ಲಿ.

ಮಳೆ ಊರಿನ ಕನ್ನಡಿಗ (ಭಾನುವಾರ, ರಾತ್ರಿ 8:45)

ಗ್ಲಾಸ್ಗೋದಿಂದ ಬರೆಯುತ್ತಿದ್ದೇನೆ. ಕೆಲಸಕ್ಕೆ ಅಂತ ಬಂದು ಹನ್ನೊಂದು ವರ್ಷ. ಇಲ್ಲಿ ಹೊಸಬರನ್ನು ಮೊದಲು ಕೇಳುವ ಪ್ರಶ್ನೆಯೇ ನೀವು ಯಾವ ತಂಡ ಅಂತ. ನಾನು ಕ್ರಿಕೆಟ್ ಅಂದು ಜಾರಿಕೊಳ್ಳುತ್ತೇನೆ.

ಹೋದ ವರ್ಷ ಆಫೀಸಿನ ಸ್ನೇಹಿತನ ಜೊತೆ ಕಾರ್ಡೆಂಡೆನ್‌ಗೆ ಹೋಗಿದ್ದೆ. ಅವನು ಸೆಲ್ಟಿಕ್ ಕಡೆಯವನು, ಅವನಿಗೆ ಅದು ನಮ್ಮ ಕಡೆ ಮನೆದೇವರಿಗೆ ಹೋಗಿ ಬಂದ ಹಾಗೆ. ಎಡಿನ್‌ಬರೋದಿಂದ ಫೈಫ್ ಕಡೆಯ ಲೋಕಲ್ ರೈಲು, ಸಣ್ಣ ಸ್ಟೇಷನ್. ಇಳಿದವರು ನಾವು ಇಬ್ಬರು, ಮತ್ತೊಬ್ಬ ಅಜ್ಜಿ. ನಾವು ಬಾಯಿ ತೆಗೆಯುವ ಮೊದಲೇ ಅಜ್ಜಿ ಸ್ಮಶಾನದ ದಾರಿ ತೋರಿಸಿದರು. ಇಬ್ಬರು ಗಂಡಸರು ಛತ್ರಿ ಹಿಡಿದು ಆ ಸ್ಟೇಷನ್ನಿನಲ್ಲಿ ಇಳಿದರೆ ಇನ್ನೆಲ್ಲಿಗೆ ಹೋಗುತ್ತಾರೆ?

ಬೋಹಿಲ್ ಸ್ಮಶಾನದಲ್ಲಿ ಸಮಾಧಿ. ಹಸಿರು-ಬಿಳಿ ಮಫ್ಲರ್‌ಗಳು ಮಳೆಗೆ ನೆಂದು ಕಲ್ಲಿಗೆ ಅಂಟಿಕೊಂಡಿದ್ದವು. ಒಂದು ಜೊತೆ ಗೋಲ್‌ಕೀಪಿಂಗ್ ಗ್ಲೋವ್ಸ್ ಇತ್ತು, ಚಿಕ್ಕ ಮಕ್ಕಳ ಸೈಜು. ಒಳಗೆಲ್ಲ ನೀರು ತುಂಬಿಕೊಂಡಿತ್ತು. ನನ್ನ ಸ್ನೇಹಿತ ಬಗ್ಗಿ, ಆ ನೀರು ಚೆಲ್ಲಿ, ಗ್ಲೋವ್ಸ್ ಮತ್ತೆ ಅಲ್ಲೇ ಇಟ್ಟ. ಅವನು ಯಾವತ್ತೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿಲ್ಲ.

ಅಂತ್ಯಕ್ರಿಯೆ 1931ರ ಸೆಪ್ಟೆಂಬರ್ 9ರಂದು. ಆ ಸಣ್ಣ ಊರಿಗೆ 30,000ಕ್ಕೂ ಹೆಚ್ಚು ಜನ ಬಂದಿದ್ದರು. ಗ್ಲಾಸ್ಗೋದಿಂದ ವಿಶೇಷ ರೈಲು ಬಿಟ್ಟಿದ್ದರು. ಕ್ವೀನ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಬರೀ ಬೀಳ್ಕೊಡಲು ನಿಂತವರೇ ಸುಮಾರು 20,000. ಆ ವರ್ಷ ಕೆಲಸ ಇಲ್ಲದವರು ಎಷ್ಟೋ ಜನ. ಟಿಕೆಟ್‌ಗೆ ಕಾಸಿಲ್ಲದವರು ಗ್ಲಾಸ್ಗೋದಿಂದ ನಡೆದೇ ಹೋದರು, 55 ಮೈಲಿ. ನಾನು ರೈಲಿನಲ್ಲಿ ಹೋಗಿಯೇ ಸುಸ್ತಾಗಿದ್ದೆ.

ಕೋಲಾರದ ಕಡೆಯವಳು (ಭಾನುವಾರ, ರಾತ್ರಿ 9:30)

ಬೋಹಿಲ್ ಗಣಿ ಆಮೇಲೆ ಏನಾಯಿತು ಅಂತ ಯಾರೂ ಹೇಳಲಿಲ್ಲವಲ್ಲ? ನಾನು ಇವತ್ತು ಮಧ್ಯಾಹ್ನ ಅದನ್ನೇ ಹುಡುಕುತ್ತ ಕೂತಿದ್ದೆ. 1931ರ ಅಕ್ಟೋಬರ್ 31. ಥಾಮ್ಸನ್ ಸತ್ತು ಸರಿಯಾಗಿ ಎಂಟು ವಾರ, ಅದೂ ಶನಿವಾರವೇ. ಬೋಹಿಲ್ ಗಣಿಯೊಳಗೆ ಸ್ಫೋಟ. ಹತ್ತು ಜನ ಸತ್ತರು. ಅವನು ಬಿಟ್ಟು ಬಂದ ಅದೇ ಗಣಿ.

ಆ ಊರಿನವರು ಎರಡು ತಿಂಗಳ ಒಳಗೆ ಎರಡು ಸಲ ಸ್ಮಶಾನಕ್ಕೆ ನಡೆದರು. ಎರಡನೇ ಸಲ ಗ್ಲಾಸ್ಗೋದಿಂದ ಯಾರೂ 55 ಮೈಲಿ ನಡೆದು ಬಂದಿರಲಾರರು. ಇದು ದೂರು ಅಲ್ಲ. ಗಣಿ ಊರಿನ ಲೆಕ್ಕ ಹಾಗೇ ಇರುತ್ತೆ, ನಮ್ಮಲ್ಲೂ ಹಾಗೇ ಇತ್ತು.

ಹಳೇ ಸ್ಕೋರ್‌ಕಾರ್ಡ್ (ಭಾನುವಾರ, ರಾತ್ರಿ 10:05)

ಮೇಡಂ, ಇಷ್ಟು ವರ್ಷ ಈ ಕಥೆ ಓದುತ್ತಾ ಬಂದಿದ್ದೇನೆ, ಆ ತಾರೀಕನ್ನು ಒಮ್ಮೆಯೂ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಮೊದಲ ಪೋಸ್ಟಿನಲ್ಲಿ ಗಣಿಯನ್ನು ಅವನ ಕೈ ಪಳಗಿದ ಜಾಗ ಅಂತ ಚೆಂದಕ್ಕೆ ಬರೆದುಬಿಟ್ಟೆ. ಈಗ ಓದಿದರೆ ಸ್ವಲ್ಪ ನಾಚಿಕೆ.

ಮಳೆ ಊರಿನವರಿಗೆ: ಗ್ಲಾಸ್ಗೋದಲ್ಲಿ ನಡೆದ ಪ್ರಾರ್ಥನಾ ಸಭೆಯಲ್ಲಿ ಬೈಬಲ್ ಓದಿದ್ದು ರೇಂಜರ್ಸ್ ಕ್ಯಾಪ್ಟನ್ ಮೈಕಲ್‌ಜಾನೇ. ಇನ್ನೊಂದು, ರೇಂಜರ್ಸ್‌ನವರು 2009ರಿಂದ ವರ್ಷದ ಹೆಚ್ಚು ಗೋಲು ಹೊಡೆದವನಿಗೆ ಸ್ಯಾಮ್ ಇಂಗ್ಲಿಷ್ ಹೆಸರಿನ ಟ್ರೋಫಿ ಕೊಡುತ್ತಿದ್ದಾರೆ. ಅದಕ್ಕೆ ಹಿಂದಿನ ವರ್ಷ ಥಾಮ್ಸನ್‌ನನ್ನು ಸ್ಕಾಟ್ಲೆಂಡಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದರು.

ಬೆಂಚ್ ಕಾಯೋನು (ಭಾನುವಾರ, ರಾತ್ರಿ 10:20)

ವಿಲ್ಲಿ ಮೇಲಿ ಅಂದರೆ ನಮ್ಮ ಸಲೀಂ ಸೆಲ್ಟಿಕ್‌ಗೆ ಆಡೋಕೆ ಹೋದಾಗ ಇದ್ದ ಮ್ಯಾನೇಜರೇ ಅಲ್ವಾ?

ಹಳೇ ಸ್ಕೋರ್‌ಕಾರ್ಡ್ (ಭಾನುವಾರ, ರಾತ್ರಿ 10:31)

ಅವರೇ. ಕಲ್ಕತ್ತಾದ ಮೊಹಮ್ಮದ್ ಸಲೀಂ, 1936. ಬೂಟು ಬೇಡ ಅಂದ, ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಆಡಿದ. ಆ ಬ್ಯಾಂಡೇಜ್ ಸುತ್ತುತ್ತಿರುವ ಫೋಟೋ ಇದೆ, ಸುತ್ತುತ್ತಿರುವವರು ಸೆಲ್ಟಿಕ್ ಟ್ರೈನರ್ ಜಿಮ್ಮಿ ಮೆಕ್‌ಮೆನಮಿ. ಥಾಮ್ಸನ್ ಹೋಗಿ ಐದು ವರ್ಷ ಆಗಿತ್ತು. ಅಷ್ಟರಲ್ಲಿ ಸೆಲ್ಟಿಕ್ ಗೋಲಿಗೆ ಜೋ ಕೆನವೇ ಅನ್ನುವ ಕೆನಡಾದವನು ನಿಂತಿದ್ದ. 1931ರ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿದ್ದರಲ್ಲ, ಅಲ್ಲಿ ಎದುರು ತಂಡದಲ್ಲಿ ಆಡಿದ್ದ ಗೋಲಿ. ಅಂದರೆ ತನ್ನ ಜಾಗಕ್ಕೆ ಬರುವವನ ಆಟವನ್ನು ಥಾಮ್ಸನ್ ಮೈದಾನದ ಇನ್ನೊಂದು ತುದಿಯಿಂದ ನೋಡಿದ್ದ.

ಬೆಂಚ್ ಕಾಯೋನು (ಭಾನುವಾರ, ರಾತ್ರಿ 10:40)

ನಿದ್ದೆ ಹೋಯ್ತು ನನ್ನದು. ಆ ಕಾಲದ ಗೋಲಿಗಳದ್ದು ಇನ್ನೇನಾದರೂ ಖುಷಿಯಾದದ್ದು ಹೇಳಿ, ಮಲಗಬೇಕು.

ಹಳೇ ಸ್ಕೋರ್‌ಕಾರ್ಡ್ (ಭಾನುವಾರ, ರಾತ್ರಿ 10:52)

1912ರ ತನಕ ಗೋಲಿ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡಿಗೆ ಕೈ ಹಚ್ಚಬಹುದಿತ್ತು. 1910ರಲ್ಲಿ ಥರ್ಡ್ ಲಾನಾರ್ಕ್-ಮದರ್‌ವೆಲ್ ಪಂದ್ಯ. ಥರ್ಡ್ ಲಾನಾರ್ಕ್ ಗೋಲಿ ಜಿಮ್ಮಿ ಬ್ರೌನ್ಲಿ ಒಂದು ಗೋಲು ಹೊಡೆದ. ಮದರ್‌ವೆಲ್ ಗೋಲಿ ಹ್ಯಾಂಪ್ಟನ್ ಕೂಡ ಒಂದು ಹೊಡೆದ. ಒಂದೇ ಪಂದ್ಯದಲ್ಲಿ.

ಬ್ರೌನ್ಲಿಗೆ ಬೇರೆ ಚರ್ಚೆ ಶುರು ಮಾಡುತ್ತೇನೆ. ಈಗ ಮಲಗಿ.

ಒಂಟಿ ಗ್ಲೋವ್ (ಭಾನುವಾರ, ರಾತ್ರಿ 10:55)

ಆರು ವರ್ಷದಲ್ಲಿ ನಾನೂ ಒಂದು ಗೋಲು ಹೊಡೆದಿದ್ದೇನೆ. ನಮ್ಮದೇ ಬಲೆಗೆ.